ಶ್ರೀನಗರದ ಚಿನಾರ್ ತೋಪುಗಳು: ಎಲೆ ಬಣ್ಣಗೊಳ್ಳುವ ಕಾಲದ ಪ್ರವಾಸಕ್ಕೆ ಮಾರ್ಗದರ್ಶಿ

ಕಾಶ್ಮೀರ ಕಣಿವೆಯಲ್ಲಿ ಸೆಪ್ಟೆಂಬರ್ ಮಧ್ಯಭಾಗದಿಂದ ನವೆಂಬರ್ ಮಧ್ಯಭಾಗದವರೆಗಿನ ಎರಡು ತಿಂಗಳ ಅವಧಿಗೆ ‘ಹರುದ್’ ಎಂಬ ಹೆಸರಿದ್ದು, ಆರು ಭಾಗಗಳ ಕಾಶ್ಮೀರಿ ಋತುಚಕ್ರದಲ್ಲಿ ಅದು ಪಂಚಾಂಗದ ಶರದೃತುವಿನ ಜಾಗದಲ್ಲಿ ನಿಲ್ಲುತ್ತದೆ. ಅಕ್ರೋಟು ಬಡಿಯುವುದು, ಭತ್ತದ ಕೊಯ್ಲು, ಸೇಬಿನ ಕಟಾವು, ಕೇಸರಿ ಹೂವು ಬಿಡಿಸುವುದು ಇವೆಲ್ಲ ಒಂದರ ಹಿಂದೊಂದು ನಡೆಯುವ ಈ ಅವಧಿಯ ಕೊನೆಯ ಭಾಗದಲ್ಲಿ ಶ್ರೀನಗರದ ಚಿನಾರ್ ಮರಗಳು ಹಸಿರನ್ನು ಬಿಟ್ಟು ಹಳದಿಗೆ, ಹಳದಿಯಿಂದ ಕೆಂಪಿಗೆ, ಕೆಂಪಿನಿಂದ ಕಂದಿಗೆ ತಿರುಗುತ್ತವೆ. ಈ ಬಣ್ಣವನ್ನು ನೋಡಲೆಂದೇ ಹೊರಡುವವರು ಸಾಮಾನ್ಯವಾಗಿ ಎರಡು ಕಡೆ ಎಡವುತ್ತಾರೆ: ದಸರಾ ರಜೆಗೆ ಹೋಗಿ ಇನ್ನೂ ಹಸಿರಾಗಿರುವ ಮರಗಳನ್ನು ನೋಡಿ ಮರಳುವುದು ಒಂದು, ಹೆಸರುವಾಸಿ ಎಂಬ ಕಾರಣಕ್ಕೆ ವರ್ಷವಿಡೀ ಹಸಿರಾಗಿರುವ ಸೂಚಿಪರ್ಣಿ ಕಾಡಿನ ಗುಲ್ಮಾರ್ಗ್‌ನಲ್ಲಿ ದಿನಗಳನ್ನು ಕಳೆಯುವುದು ಇನ್ನೊಂದು. ಎತ್ತರದ ಊರುಗಳಿಂದ ಬಣ್ಣ ಕೆಳಗಿಳಿಯುವ ಕ್ರಮವನ್ನೂ, ಪ್ರತಿಯೊಂದು ತೋಟಕ್ಕೆ ಬಿಸಿಲು ಬೀಳುವ ಹೊತ್ತನ್ನೂ ಗಮನದಲ್ಲಿಟ್ಟುಕೊಂಡು ದಿನಗಳನ್ನು ಹೊಂದಿಸಿಕೊಂಡರೆ ಈ ಎರಡು ತಪ್ಪುಗಳೂ ತಪ್ಪುತ್ತವೆ. ಈ ಲೇಖನದ ವಿವರಗಳನ್ನು ಆ ಎರಡು ಸೂತ್ರಗಳಿಗೆ ಅನುಸಾರವಾಗಿಯೇ ಜೋಡಿಸಲಾಗಿದೆ.

ಮರದ ಪರಿಚಯ

ಸಸ್ಯಶಾಸ್ತ್ರದಲ್ಲಿ ಪ್ಲಾಟನಸ್ ಓರಿಯಂಟಾಲಿಸ್ ಎನಿಸಿಕೊಳ್ಳುವ ಚಿನಾರ್, ಆಗ್ನೇಯ ಯುರೋಪಿನಿಂದ ಇರಾನಿನವರೆಗಿನ ಪ್ರದೇಶದಲ್ಲಿ ತಾನಾಗಿ ಬೆಳೆಯುವ ಮರವಾಗಿದ್ದು, ಕಾಶ್ಮೀರದಲ್ಲಿ ಅದು ಬಹುಪಾಲು ಮನುಷ್ಯರ ಕೈಯಿಂದ ನೆಟ್ಟು ಬೆಳೆದದ್ದಾಗಿದೆ. ಆದ್ದರಿಂದಲೇ ಅದನ್ನು ಕಾಡಿನಲ್ಲಿ ಹುಡುಕಬೇಕಾಗಿಲ್ಲ. ಅರಮನೆ ತೋಟ, ದೇವಸ್ಥಾನದ ಬುಗ್ಗೆ, ದರ್ಗಾ, ಕಾಲೇಜಿನ ಆವರಣ, ನದಿಯ ದಂಡೆ ಮುಂತಾದ ಜನವಸತಿಯ ಜಾಗಗಳಲ್ಲೇ ಅದು ಕಾಣಸಿಗುತ್ತದೆ. ಕಾಶ್ಮೀರಿಯಲ್ಲಿ ಈ ಮರಕ್ಕೆ ‘ಬೂನಿ’ ಎನ್ನುತ್ತಾರೆ. 1586ರಲ್ಲಿ ಅಕ್ಬರನು ಕಾಶ್ಮೀರವನ್ನು ಗೆದ್ದ ನಂತರ ಮೊಘಲರು ಇದನ್ನು ದೊಡ್ಡ ಪ್ರಮಾಣದಲ್ಲಿ ನೆಡಿಸಿದರೆಂಬುದು ನಿಜವಾದರೂ, ಅದಕ್ಕೆ ಮೊದಲೇ ಇಲ್ಲಿ ಭಾರಿ ಗಾತ್ರದ ಚಿನಾರ್‌ಗಳಿದ್ದವು ಎಂಬುದಕ್ಕೆ ಮೊಘಲರ ದಾಖಲೆಗಳೇ ಸಾಕ್ಷಿಯಾಗಿವೆ. ಒಂದು ಮರದ ಪೊಟರೆಯೊಳಗೆ ಅಕ್ಬರನು 34 ಜನರನ್ನು ನಿಲ್ಲಿಸಿದ್ದ ಸಂಗತಿಯನ್ನು ಜಹಾಂಗೀರನು ತನ್ನ ಆತ್ಮಕಥನದಲ್ಲಿ ಉಲ್ಲೇಖಿಸಿದ್ದಾನೆ. ಬಡ್ಗಾಮ್ ಜಿಲ್ಲೆಯ ಛತ್ತರ್‌ಗಾಮ್‌ನಲ್ಲಿರುವ ಮರವನ್ನು 1374ರಲ್ಲಿ ಸೂಫಿ ಸಂತರೊಬ್ಬರು ನೆಟ್ಟರೆಂಬ ನಂಬಿಕೆಯಿದ್ದು, ಕಣಿವೆಯ ಅತ್ಯಂತ ಹಳೆಯ ಚಿನಾರ್ ಎಂದು ಅದನ್ನು ಗೌರವಿಸಲಾಗುತ್ತದೆ.

ಐದರಿಂದ ಏಳು ಸೀಳುಗಳಿರುವ ಅಗಲವಾದ ಎಲೆಯನ್ನು ಕಂಡು ಚಿನಾರನ್ನು ಮೇಪಲ್ ಎಂದು ಭಾವಿಸುವವರಿದ್ದಾರೆ. ಮೇಪಲ್‌ನಲ್ಲಿ ಎಲೆಗಳು ಕೊಂಬೆಯ ಮೇಲೆ ಎದುರುಬದುರಾಗಿ ಜೋಡಿಯಲ್ಲಿ ಹುಟ್ಟಿದರೆ, ಚಿನಾರ್‌ನಲ್ಲಿ ಅವು ಒಂದು ಈ ಬದಿಗೆ, ಮತ್ತೊಂದು ಆ ಬದಿಗೆ ಎಂಬಂತೆ ಪರ್ಯಾಯವಾಗಿ ಹುಟ್ಟುತ್ತವೆ. ಇದಕ್ಕಿಂತ ಸುಲಭವಾದ ಗುರುತು ನೆಲದ ಮೇಲೆ ಬಿದ್ದ ಎಲೆಯಲ್ಲೇ ಸಿಗುತ್ತದೆ: ಅದರ ತೊಟ್ಟಿನ ತುದಿಯನ್ನು ತಿರುಗಿಸಿ ನೋಡಿದರೆ ಅದು ಪುಟ್ಟ ಟೋಪಿಯಂತೆ ಉಬ್ಬಿ, ಒಳಗೆ ಟೊಳ್ಳಾಗಿರುತ್ತದೆ. ಮುಂದಿನ ವಸಂತದಲ್ಲಿ ಚಿಗುರಬೇಕಾದ ಮೊಗ್ಗು ಬೇಸಿಗೆಯಿಡೀ ಈ ಟೊಳ್ಳಿನೊಳಗೇ ಬೆಳೆದಿರುತ್ತದೆ. ಎಲೆ ಕಳಚಿ ಬಿದ್ದಾಗ ಮಾತ್ರ ಅದು ಕೊಂಬೆಯ ಮೇಲೆ ಹೊರಗೆ ಕಾಣಿಸಿಕೊಳ್ಳುತ್ತದೆ. ಚಕ್ಕೆಚಕ್ಕೆಯಾಗಿ ಸುಲಿದು ಒಳಗಿನ ತಿಳಿಬಣ್ಣವನ್ನು ತೋರಿಸುವ ತೊಗಟೆ, ಉದ್ದನೆಯ ದಾರದಲ್ಲಿ ಪೋಣಿಸಿದಂತೆ ತೂಗುವ ಗುಂಡನೆಯ ಕಾಯಿಗಳು ಉಳಿದೆರಡು ಗುರುತುಗಳು.

ಬಣ್ಣ ಬರುವ ಬಗೆ ಮತ್ತು ಹೊತ್ತು

ಎಲೆಗೆ ಹಸಿರು ಕೊಡುವ ಪತ್ರಹರಿತ್ತು ಬೆಳಕನ್ನು ಹೀರಿ ಆಹಾರ ತಯಾರಿಸುವ ವಸ್ತುವಾಗಿದ್ದು, ಹಗಲು ಚಿಕ್ಕದಾಗಿ ಚಳಿ ಹೆಚ್ಚುತ್ತಿದ್ದಂತೆ ಮರವು ಅದನ್ನು ಒಡೆದು, ಎಲೆಯಲ್ಲಿನ ಸಾರಜನಕವನ್ನು ಕೊಂಬೆ ಮತ್ತು ಬೇರುಗಳಿಗೆ ಹಿಂದಕ್ಕೆಳೆದುಕೊಳ್ಳುತ್ತದೆ. ಆಗ ಎಲೆಯಲ್ಲಿ ಮೊದಲಿನಿಂದಲೂ ಇದ್ದು ಹಸಿರಿನಡಿಯಲ್ಲಿ ಮರೆಯಾಗಿದ್ದ ಕ್ಯಾರೋಟಿನಾಯ್ಡ್ ಎಂಬ ಹಳದಿ ವರ್ಣಕಗಳು ಎದ್ದು ಕಾಣುತ್ತವೆ. ಕೆಂಪು ಛಾಯೆಗೆ ಕಾರಣವಾದ ಆಂಥೋಸಯನಿನ್ ಹಾಗೆ ಮೊದಲೇ ಇರುವಂಥದ್ದಲ್ಲ. ಎಲೆಯಲ್ಲಿ ಉಳಿದ ಸಕ್ಕರೆಯಿಂದ ಆ ಕಾಲದಲ್ಲೇ ಹೊಸದಾಗಿ ತಯಾರಾಗುವ ಅದಕ್ಕೆ ಹಗಲು ಚೆನ್ನಾದ ಬಿಸಿಲೂ ರಾತ್ರಿ ಹೆಪ್ಪುಗಟ್ಟದಷ್ಟು ಚಳಿಯೂ ಬೇಕು. ಕೊನೆಗೆ ಉಳಿಯುವ ಕಂದುಬಣ್ಣ ಟ್ಯಾನಿನ್ ಎಂಬ ಒಗರು ದ್ರವ್ಯದ್ದು. ಇದೇ ವೇಳೆಗೆ ತೊಟ್ಟಿನ ಬುಡದಲ್ಲಿ ಕಳಚುಪದರ ಎನ್ನಬಹುದಾದ ತೆಳುವಾದ ಜೀವಕೋಶಗಳ ಸಾಲು ಬೆಳೆದು, ನೀರಿನ ಹರಿವನ್ನು ತಡೆದು, ಎಲೆ ಸಣ್ಣ ಗಾಳಿಗೂ ಬೀಳುವಂತೆ ಮಾಡುತ್ತದೆ. ಬಂಡೀಪುರ, ನಾಗರಹೊಳೆಗಳ ಎಲೆ ಉದುರುವ ಕಾಡಿನಲ್ಲೂ ಇಂಥದೇ ಪದರ ಬೆಳೆಯುತ್ತದೆಯಾದರೂ, ಅಲ್ಲಿ ಮರಗಳನ್ನು ಬೋಳಾಗಿಸುವುದು ಜನವರಿಯ ನಂತರದ ನೀರಿನ ಕೊರತೆ. ಕಾಶ್ಮೀರದಲ್ಲಿ ಅದೇ ಕೆಲಸವನ್ನು ಹಗಲಿನ ಅವಧಿ ಮತ್ತು ಚಳಿ ಮಾಡುತ್ತವೆ.

ಚಳಿ ಮೊದಲು ತಟ್ಟುವುದು ಎತ್ತರದ ಜಾಗಗಳಿಗಾದ್ದರಿಂದ, ಸುಮಾರು 2,700 ಮೀಟರ್ ಎತ್ತರದ ಸೋನಾಮಾರ್ಗ್ ಸುತ್ತಲಿನ ಇಳಿಜಾರುಗಳಲ್ಲಿ ಭೂರ್ಜ ಮರಗಳು ಸೆಪ್ಟೆಂಬರ್ ಕೊನೆಯ ಹೊತ್ತಿಗೇ ಹಳದಿಯಾಗತೊಡಗುತ್ತವೆ. ಸುಮಾರು 2,150 ಮೀಟರ್ ಎತ್ತರದ ಪಹಲ್ಗಾಮ್‌ನಲ್ಲಿ ಪಾಪ್ಲರ್, ವಿಲ್ಲೊ, ಅಕ್ರೋಟು ಮರಗಳು ಅಕ್ಟೋಬರ್ ಮಧ್ಯದಲ್ಲಿ ಬಣ್ಣ ತಳೆಯುತ್ತವೆ. ಸುಮಾರು 1,585 ಮೀಟರ್ ಎತ್ತರದ ಶ್ರೀನಗರದ ಚಿನಾರ್‌ಗಳ ಸರದಿ ಎಲ್ಲಕ್ಕೂ ಕೊನೆಯದು. ನಗರದಲ್ಲಿ ಅಕ್ಟೋಬರ್ ಮೂರನೆಯ ವಾರದ ಹೊತ್ತಿಗೆ ಎಲೆಯಂಚು ಹಳದಿಗೆ ತಿರುಗಿ ನರಗಳ ಉದ್ದಕ್ಕೂ ಹಸಿರು ಉಳಿದಿರುತ್ತದೆ, ತಿಂಗಳ ಕೊನೆಗೆ ಇಡೀ ಮರ ಹೊಂಬಣ್ಣಕ್ಕೆ ಬರುತ್ತದೆ, ನವೆಂಬರ್ ಮೊದಲೆರಡು ವಾರಗಳಲ್ಲಿ ಕೆಂಪು ಮತ್ತು ತುಕ್ಕುಬಣ್ಣ ಗಾಢವಾಗುತ್ತದೆ, ತಿಂಗಳ ಕೊನೆಯೊಳಗೆ ಕೊಂಬೆಗಳು ಬರಿದಾಗುತ್ತವೆ. ಕರ್ನಾಟಕದಿಂದ ಹೋಗುವವರಿಗೆ ರಾಜ್ಯೋತ್ಸವದ ರಜೆ ಬರುವ ನವೆಂಬರ್ 1ರ ಆಸುಪಾಸಿನ ವಾರ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ದೀಪಾವಳಿ ತಡವಾಗಿ ಬರುವ ವರ್ಷಗಳಲ್ಲಿ ಆ ರಜೆಯೂ ಒದಗಿಬರುತ್ತದೆ. ಒಂದೇ ಸಾಲಿನಲ್ಲಿ ಒಂದು ಮರ ಕೆಂಪಾಗಿದ್ದು ಪಕ್ಕದ್ದು ಹಸಿರಾಗಿರುವುದು ಅಪರೂಪವಲ್ಲ. ಮರದ ವಂಶಗುಣ, ವಯಸ್ಸು, ಬೇರಿಗೆ ಸಿಗುವ ನೀರಿನ ಪಸೆ ಇವೆಲ್ಲ ಈ ವ್ಯತ್ಯಾಸಕ್ಕೆ ಕಾರಣವಾಗುವುದರಿಂದ, ಒಂದು ತೋಟ ನಿರಾಸೆಗೊಳಿಸಿದರೆ ಇನ್ನೊಂದು ತೋಟಕ್ಕೆ ಹೋಗುವುದು ವ್ಯರ್ಥವಾಗುವುದಿಲ್ಲ.

ಬೆಳಗಿನ ತಾಣಗಳು: ನಸೀಮ್ ಬಾಗ್ ಮತ್ತು ಸರೋವರ

ದಾಲ್ ಸರೋವರದ ಪೂರ್ವಕ್ಕೆ ಜಬರ್ವಾನ್ ಬೆಟ್ಟಸಾಲು ಎದ್ದು ನಿಂತಿರುವುದರಿಂದ ಪೂರ್ವ ದಂಡೆಯ ತೋಟಗಳಿಗೆ ಬಿಸಿಲು ತಡವಾಗಿ ಇಳಿಯುತ್ತದೆ. ಪಶ್ಚಿಮ ದಂಡೆಗೆ ಅದು ಬೇಗ ತಲುಪುತ್ತದೆ. ನವೆಂಬರ್ ಮೊದಲ ವಾರದಲ್ಲಿ ಸೂರ್ಯೋದಯ ಸುಮಾರು 6.50ಕ್ಕೆ, ಸೂರ್ಯಾಸ್ತ ಸುಮಾರು 5.40ಕ್ಕೆ ಆಗುವ ಕಾರಣ ಬೆಳಕಿನ ಹೊತ್ತು ಕಡಿಮೆಯಿದ್ದು, ಬೆಳಗಿನ ಅವಧಿಯನ್ನು ಪಶ್ಚಿಮ ದಂಡೆಗೂ ಮಧ್ಯಾಹ್ನದ ನಂತರದ ಅವಧಿಯನ್ನು ಪೂರ್ವ ದಂಡೆಗೂ ಮೀಸಲಿಡುವುದು ಸೂಕ್ತ.

ಬೆಳಗಿನ ತಾಣಗಳಲ್ಲಿ ಮೊದಲು ಹೆಸರಿಸಬೇಕಾದದ್ದು ಹಜ್ರತ್‌ಬಲ್ ಮಸೀದಿಯ ಸಮೀಪ, ಕಾಶ್ಮೀರ ವಿಶ್ವವಿದ್ಯಾಲಯದ ಆವರಣಕ್ಕೆ ಸೇರಿದ ನಸೀಮ್ ಬಾಗ್. ಅಕ್ಬರನ ಕಾಲದಲ್ಲಿ ರೂಪುಗೊಂಡ ಈ ತೋಟದಲ್ಲಿ ಷಹಜಹಾನನು 1,200 ಚಿನಾರ್ ಸಸಿಗಳನ್ನು ನೆಡಿಸಿದನೆಂದು ಹೇಳಲಾಗುತ್ತದೆ. ಕಾರಂಜಿ, ಮಂಟಪ, ಹೂವಿನ ಮಡಿಗಳಿಗೆ ಪ್ರಾಧಾನ್ಯವಿರುವ ಉಳಿದ ಮೊಘಲ್ ತೋಟಗಳಿಗಿಂತ ಇದು ಭಿನ್ನವಾಗಿದ್ದು, ಇಲ್ಲಿ ಮರಗಳೇ ತೋಟವನ್ನು ಕಟ್ಟಿವೆ. ಅಳೆದು ನೆಟ್ಟ ಸಾಲುಗಳ ನಡುವೆ ನಡೆಯುವವರಿಗೆ ಎರಡೂ ಬದಿಯ ಕೊಂಬೆಗಳು ತಲೆಯ ಮೇಲೆ ಕೂಡಿಕೊಳ್ಳುತ್ತವೆ, ಕೆಳಗೆ ಉದುರಿದ ಎಲೆಯ ಹಾಸು ಪಾದ ಮುಳುಗುವಷ್ಟು ದಪ್ಪವಾಗಿರುತ್ತದೆ. ವಿದ್ಯಾಸಂಸ್ಥೆಯ ಆವರಣವಾದ್ದರಿಂದ ಗುರುತಿನ ಚೀಟಿ ಕೈಯಲ್ಲಿರಬೇಕು, ತರಗತಿಗಳಿಗೆ ತೊಂದರೆಯಾಗದಂತೆ ನಡೆದುಕೊಳ್ಳಬೇಕು. ಶುಕ್ರವಾರ ಮಧ್ಯಾಹ್ನದ ನಮಾಜಿಗೆ ಹಜ್ರತ್‌ಬಲ್‌ಗೆ ಅಪಾರ ಜನ ಸೇರುವುದರಿಂದ ಆ ದಿನ ಬೆಳಿಗ್ಗೆಯೇ ಹೋಗಿ ಬರುವುದು ಒಳ್ಳೆಯದು.

ಎಲೆ ಬಿದ್ದ ಮೇಲೆ ಅದಕ್ಕೊಂದು ಉಪಯೋಗವಿದೆ ಎಂಬುದನ್ನು ಇಂಥ ತೋಪುಗಳಲ್ಲೇ ನೋಡಬಹುದು. ಹೆಂಗಸರು ಉದ್ದ ಪೊರಕೆಗಳಿಂದ ಎಲೆಗಳನ್ನು ಗುಡಿಸಿ ರಾಶಿ ಹಾಕಿ ಗೋಣಿಗಳಲ್ಲಿ ತುಂಬಿಕೊಂಡು ಹೋಗುತ್ತಾರೆ. ರಾಶಿಗೆ ಬೆಂಕಿ ತಗುಲಿಸಿ, ಉರಿ ಏರುತ್ತಿದ್ದಂತೆ ಮೇಲೆ ನೀರು ಚಿಮುಕಿಸುತ್ತ ಬಂದರೆ ಎಲೆ ಬೂದಿಯಾಗದೆ ಹಗುರವಾದ ಇದ್ದಿಲಾಗಿ ಉಳಿಯುತ್ತದೆ. ಹೆಣೆದ ಬುಟ್ಟಿಯೊಳಗೆ ಮಣ್ಣಿನ ಮಡಕೆ ಕೂರಿಸಿದ, ಫೆರನ್ ಎಂಬ ಸಡಿಲವಾದ ಉದ್ದ ನಿಲುವಂಗಿಯೊಳಗೆ ಹಿಡಿದುಕೊಂಡು ಮೈ ಬೆಚ್ಚಗಿಟ್ಟುಕೊಳ್ಳುವ ‘ಕಾಂಗ್ರಿ’ಗೆ ಈ ಇದ್ದಿಲನ್ನು ಚಳಿಗಾಲವಿಡೀ ಬಳಸುತ್ತಾರೆ. ಎಲೆ ಸುಡುವ ಹೊಗೆ ಕಣಿವೆಯ ಗಾಳಿಯಲ್ಲಿ ಮೇಲೇರದೆ ಕೆಳಗೇ ನಿಲ್ಲುವ ಕಾರಣ ಇತ್ತೀಚಿನ ವರ್ಷಗಳಲ್ಲಿ ಆಡಳಿತ ಇದಕ್ಕೆ ನಿರ್ಬಂಧ ಹೇರುತ್ತ ಬಂದಿದ್ದು, ಉಸಿರಾಟದ ತೊಂದರೆಯಿರುವ ಪ್ರವಾಸಿಗರು ಸಂಜೆಯ ಹೊತ್ತು ಹೊಗೆ ಕವಿದ ಜಾಗಗಳಿಂದ ದೂರವಿರಬೇಕು.

ನಸೀಮ್ ಬಾಗ್‌ನಿಂದ ಮರಳುವಾಗ ಶಿಕಾರಾ ಎಂಬ ಮೇಲ್ಚಾವಣಿಯ ದೋಣಿಯಲ್ಲಿ ಚಾರ್ ಚಿನಾರ್ ದ್ವೀಪಕ್ಕೆ ಹೋಗಬಹುದು. ರೂಪಲಂಕ್ ಎಂದೂ ಕರೆಯುವ ಈ ಪುಟ್ಟ ದ್ವೀಪವನ್ನು ಔರಂಗಜೇಬನ ಸೋದರ ಮುರಾದ್ ಬಕ್ಷ್ ಮಾಡಿಸಿದನೆಂಬ ಪ್ರತೀತಿಯಿದೆ. ಚೌಕದ ನಾಲ್ಕು ಮೂಲೆಗಳಲ್ಲಿ ನಾಲ್ಕು ಚಿನಾರ್ ನೆಟ್ಟರೆ ಸೂರ್ಯ ಯಾವ ದಿಕ್ಕಿನಲ್ಲಿದ್ದರೂ ನಡುವಿನ ಜಾಗಕ್ಕೆ ನೆರಳು ತಪ್ಪದು ಎಂಬ ಲೆಕ್ಕಾಚಾರ ಈ ವಿನ್ಯಾಸದ ಹಿಂದಿದ್ದು, ಕಣಿವೆಯ ಇತರ ತೋಟಗಳಲ್ಲೂ ಅದೇ ಕ್ರಮವನ್ನು ಕಾಣಬಹುದು. ದೋಣಿ ಹತ್ತುವ ಮೊದಲೇ ದರವನ್ನೂ ಅವಧಿಯನ್ನೂ ಮಾತಾಡಿಕೊಳ್ಳುವುದು ಅಗತ್ಯ.

ಮಧ್ಯಾಹ್ನದ ನಂತರ: ಪೂರ್ವ ದಂಡೆಯ ತೋಟಗಳು

ಸರೋವರದ ಪೂರ್ವ ದಂಡೆಯ ರಸ್ತೆಯಲ್ಲೇ ಸಾಲಾಗಿರುವ ಮೊಘಲ್ ತೋಟಗಳು ಬೆಟ್ಟದ ಇಳಿಜಾರನ್ನು ಮೆಟ್ಟಿಲುಗಳಂತೆ ಕಡಿದು ಸಮತಟ್ಟು ಮಾಡಿದ ಹಂತಗಳಾಗಿದ್ದು, ಮೇಲಿನ ಬುಗ್ಗೆ ಅಥವಾ ತೊರೆಯ ನೀರು ನಡುಗಾಲುವೆಯಲ್ಲಿ ಹರಿದು, ಹಂತದಿಂದ ಹಂತಕ್ಕೆ ಧುಮುಕಿ, ಕೊನೆಗೆ ಸರೋವರವನ್ನು ಸೇರುವಂತೆ ಅವುಗಳನ್ನು ರೂಪಿಸಲಾಗಿದೆ. ಪಶ್ಚಿಮದ ಬಿಸಿಲು ಮಧ್ಯಾಹ್ನ ಎರಡರ ನಂತರ ಈ ಹಂತಗಳ ಮೇಲೆ ನೇರವಾಗಿ ಬೀಳುವುದರಿಂದ ಎಲೆಗಳ ಕೆಂಪು ಆಗಲೇ ಅತ್ಯಂತ ನಿಚ್ಚಳವಾಗಿ ತೋರುತ್ತದೆ.

1619ರಲ್ಲಿ ಜಹಾಂಗೀರನು ಕಟ್ಟಿಸಿದ ಶಾಲಿಮಾರ್ ಬಾಗ್ ಮೂರು ಹಂತಗಳದ್ದು: ಕೆಳಗಿನದು ಪ್ರಜೆಗಳಿಗೆ ದರ್ಶನ ಕೊಡುವ ದಿವಾನ್-ಎ-ಆಮ್, ನಡುವಿನದು ಆಪ್ತರನ್ನು ಕಾಣುವ ದಿವಾನ್-ಎ-ಖಾಸ್, ಮೇಲಿನದು ರಾಣಿವಾಸದವರಿಗೆ ಮೀಸಲಾದ ಜನಾನಾ. ಮೇಲಿನ ಹಂತದ ಕರಿಕಲ್ಲಿನ ಮಂಟಪದ ಬಳಿ ನಿಂತು ಕಾಲುವೆಯ ಗುಂಟ ಕೆಳಗೆ ನೋಡಿದರೆ ಎರಡೂ ಬದಿಯ ಚಿನಾರ್ ಸಾಲುಗಳು ಒಂದೇ ನೋಟದಲ್ಲಿ ಸಿಗುತ್ತವೆ. ನೀರಿನ ತೆರೆಯ ಹಿಂದಿನ ಗೋಡೆಯಲ್ಲಿ ಸಾಲಾಗಿ ಕೊರೆದಿರುವ ಗೂಡುಗಳಿಗೆ ‘ಚೀನಿಖಾನಾ’ ಎಂಬ ಹೆಸರಿದ್ದು, ಹಗಲು ಹೂದಾನಿಗಳನ್ನೂ ರಾತ್ರಿ ದೀಪಗಳನ್ನೂ ಅಲ್ಲಿ ಇಡಲಾಗುತ್ತಿತ್ತು.

ನೂರ್‌ಜಹಾನಳ ಸೋದರ ಆಸಫ್ ಖಾನ್ 1633ರಲ್ಲಿ ಮಾಡಿಸಿದ ನಿಶಾತ್ ಬಾಗ್‌ಗೆ ಹನ್ನೆರಡು ರಾಶಿಗಳ ಲೆಕ್ಕದಲ್ಲಿ ಹನ್ನೆರಡು ಹಂತಗಳಿದ್ದವು. ಸಮಯ ಕಡಿಮೆಯಿದ್ದು ಒಂದೇ ತೋಟವನ್ನು ಆರಿಸಬೇಕಾದವರಿಗೆ ನಿಶಾತ್ ಹೆಚ್ಚು ಸೂಕ್ತ. ಮೇಲಿನ ಹಂತ ತಲುಪಿ ಹಿಂದಿರುಗಿ ನಿಂತರೆ ಬಣ್ಣದ ಮರಗಳ ಆಚೆ ಸರೋವರ, ಅದರಾಚೆ ಹರಿ ಪರ್ಬತದ ಕೋಟೆ, ಶುಭ್ರವಾದ ದಿನಗಳಲ್ಲಿ ಪೀರ್ ಪಂಜಾಲ್‌ನ ಹಿಮಶಿಖರಗಳೂ ಒಟ್ಟಿಗೆ ಕಾಣುತ್ತವೆ. ಮೆಟ್ಟಿಲುಗಳು ಹೆಚ್ಚಿರುವುದರಿಂದ ಮಂಡಿನೋವಿರುವ ಹಿರಿಯರು ಕೆಳಗಿನ ಹಂತಗಳಲ್ಲೇ ಉಳಿಯಬಹುದು, ಹಳೆಯ ದೊಡ್ಡ ಮರಗಳು ಅಲ್ಲೂ ಇವೆ.

1632ರಲ್ಲಿ ಅಲಿ ಮರ್ದಾನ್ ಖಾನ್ ಕಟ್ಟಿಸಿದ ಚಷ್ಮೆ ಶಾಹಿ ಚಿಕ್ಕ ತೋಟವಾಗಿದ್ದು, ಎಲೆಗಿಂತ ಬುಗ್ಗೆಯ ನೀರಿಗೆ ಹೆಸರಾಗಿದೆ. ಅದರಿಂದ ಮೇಲಕ್ಕಿರುವ ಪರಿ ಮಹಲ್, ಷಹಜಹಾನನ ಮಗ ದಾರಾ ಶಿಕೋಹನ ಹೆಸರಿನೊಂದಿಗೆ ಬೆಸೆದುಕೊಂಡ ಕಲ್ಲಿನ ಕಟ್ಟಡ ಮತ್ತು ಹಂತದ ತೋಟ. ಅಲ್ಲಿಗೆ ಹೋಗಬೇಕಾದದ್ದು ಅಲ್ಲಿನ ಮರಗಳಿಗಾಗಿ ಅಲ್ಲ, ಊರಿನ ಯಾವ ಯಾವ ಭಾಗದಲ್ಲಿ ತೋಪುಗಳು ಕೆಂಪಾಗಿವೆ ಎಂಬುದನ್ನು ಮೇಲಿನಿಂದ ಒಮ್ಮೆಗೇ ಗುರುತಿಸಿಕೊಳ್ಳಲು. ಸೂರ್ಯಾಸ್ತಕ್ಕೆ ಒಂದು ಗಂಟೆ ಮೊದಲು ಅಲ್ಲಿರುವುದು ಒಳ್ಳೆಯದು.

ತೋಟಗಳ ಹೊರಗೂ ನಗರದ ನಡುವೆ ನಡೆದು ನೋಡಬಹುದಾದ ಒಂದು ದಾರಿಯಿದೆ. ಪ್ರತಾಪ್ ಪಾರ್ಕ್‌ನಿಂದ ಹೊರಟು ರೆಸಿಡೆನ್ಸಿ ರಸ್ತೆಯ ಗುಂಟ ಸಾಗಿ ಝೀಲಮ್ ನದಿಯ ದಂಡೆಯ ಏರಿಯಾದ ‘ಬಂಡ್’ ತಲುಪಿದರೆ ಹಳೆಯ ಅಂಗಡಿಗಳು, ನದಿಯಲ್ಲಿ ನಿಂತ ದೋಣಿಮನೆಗಳು ಮತ್ತು ದಂಡೆಯ ಚಿನಾರ್‌ಗಳು ಒಟ್ಟಿಗೆ ಸಿಗುತ್ತವೆ. ಬ್ರಿಟಿಷ್ ರೆಸಿಡೆಂಟನ ನಿವಾಸವಾಗಿದ್ದು ಈಗ ಸರಕಾರಿ ಕರಕುಶಲ ಮಳಿಗೆಯಾಗಿರುವ ಕಟ್ಟಡವೂ ಇದೇ ದಾರಿಯಲ್ಲಿದ್ದು, ಶಾಲು, ಕಾಗದದ ತಿರುಳಿನ ಪೆಟ್ಟಿಗೆ, ಅಕ್ರೋಟು ಮರದ ಕೆತ್ತನೆಗಳಲ್ಲಿ ಚಿನಾರ್ ಎಲೆಯ ಚಿತ್ತಾರ ಹೇಗೆ ಮರಮರಳಿ ಬರುತ್ತದೆಂಬುದನ್ನು ಅಲ್ಲಿ ಗಮನಿಸಬಹುದು.

ನಗರದ ಸುತ್ತ: ಉತ್ತರ ದಿಕ್ಕು

ಶ್ರೀನಗರದಿಂದ ಸುಮಾರು 25 ಕಿ.ಮೀ. ದೂರದ ತುಲ್ಮುಲ್‌ನಲ್ಲಿ ಕಾಶ್ಮೀರಿ ಪಂಡಿತರ ಪ್ರಮುಖ ಆರಾಧನಾ ಸ್ಥಳವಾದ ಖೀರ್ ಭವಾನಿ ದೇವಸ್ಥಾನವಿದ್ದು, ಬುಗ್ಗೆಯ ನಡುವಿನ ಗುಡಿಯ ಸುತ್ತ ವಿಶಾಲವಾದ ಅಂಗಳಕ್ಕೆ ದೊಡ್ಡ ಚಿನಾರ್‌ಗಳ ನೆರಳಿದೆ. ಜ್ಯೇಷ್ಠ ಮಾಸದ ಅಷ್ಟಮಿಯ ಜಾತ್ರೆಯಲ್ಲಿ ಕಿಕ್ಕಿರಿಯುವ ಈ ಜಾಗ ನವೆಂಬರ್‌ನಲ್ಲಿ ನಿರಾಳವಾಗಿರುತ್ತದೆ. ಅದೇ ದಿಕ್ಕಿನಲ್ಲಿರುವ ಮಾನಸಬಲ್ ಸರೋವರದ ದಂಡೆಯಲ್ಲೂ ಚಿನಾರ್‌ಗಳಿವೆ. ಎರಡನ್ನೂ ಅರ್ಧ ದಿನದಲ್ಲಿ ನೋಡಿ ಬರಬಹುದು.

ಗಾಂದರ್‌ಬಲ್‌ನಿಂದ ಮುಂದೆ ಸಿಂಧ್ ನದಿಯ ಕಣಿವೆಯಲ್ಲಿ ಸಾಗುವ ಸೋನಾಮಾರ್ಗ್ ರಸ್ತೆಯಲ್ಲಿ ಚಿನಾರ್ ಕಡಿಮೆಯಾಗಿ, ನೆಟ್ಟಗೆ ನಿಂತ ಪಾಪ್ಲರ್ ಮತ್ತು ನೀರಿಗೆ ಬಾಗಿದ ವಿಲ್ಲೊ ಮರಗಳ ಹಳದಿ ಹೆಚ್ಚಾಗುತ್ತದೆ. ಇನ್ನೂ ಮೇಲೆ ಸಿಗುವ ಭೂರ್ಜ ಮರದ ತೊಗಟೆಯೇ ಪ್ರಾಚೀನ ಕಾಶ್ಮೀರದ ಹಸ್ತಪ್ರತಿಗಳಿಗೆ ಆಧಾರವಾಗಿದ್ದ ಭೂರ್ಜಪತ್ರ. ಸುಮಾರು 80 ಕಿ.ಮೀ. ದೂರದ ಈ ದಾರಿಯಲ್ಲಿ 2025ರ ಜನವರಿಯಲ್ಲಿ ಸುರಂಗಮಾರ್ಗ ಆರಂಭವಾಗಿ ಹಿಮಪಾತದ ಅಡಚಣೆ ಕಡಿಮೆಯಾಗಿದೆಯಾದರೂ, ನವೆಂಬರ್ ಹೊತ್ತಿಗೆ ಇಲ್ಲಿಯ ಎಲೆಗಳು ಬಹುಪಾಲು ಉದುರಿರುವ ಕಾರಣ ಅಕ್ಟೋಬರ್ ಮೊದಲರ್ಧದಲ್ಲಿ ಹೋಗುವವರಿಗೆ ಮಾತ್ರ ಇದು ತಕ್ಕ ತಾಣ.

ಹಾರ್ವನ್‌ನ ಬಳಿ, ನಗರದಿಂದ ಸುಮಾರು 22 ಕಿ.ಮೀ. ದೂರದಲ್ಲಿ ಪ್ರವೇಶದ್ವಾರವಿರುವ ದಾಚಿಗಾಮ್ ರಾಷ್ಟ್ರೀಯ ಉದ್ಯಾನ 141 ಚದರ ಕಿ.ಮೀ. ವಿಸ್ತಾರವಾಗಿದ್ದು, ಹಂಗುಲ್ ಎಂಬ ಅಳಿವಿನಂಚಿನ ಕಾಶ್ಮೀರಿ ಸಾರಂಗದ ಮುಖ್ಯ ನೆಲೆಯಾಗಿದೆ. ಇಲ್ಲಿಯ ಬಣ್ಣ ನೆಟ್ಟ ತೋಪುಗಳದ್ದಲ್ಲ, ಕಾಡಿನದು. ಗಂಡು ಹಂಗುಲ್‌ಗಳು ಹೆಣ್ಣನ್ನು ಕರೆಯುವ ಕಾಲವೂ ಇದೇ ಶರತ್ಕಾಲ. ವನ್ಯಜೀವಿ ಇಲಾಖೆಯ ಪೂರ್ವಾನುಮತಿ ಕಡ್ಡಾಯವಾದ್ದರಿಂದ ಒಂದು ದಿನ ಮೊದಲೇ ಆ ಕೆಲಸ ಮುಗಿಸಿಕೊಳ್ಳಬೇಕು.

ದಕ್ಷಿಣ ದಿಕ್ಕು

ದಕ್ಷಿಣದ ಹೆದ್ದಾರಿಯಲ್ಲಿ ಸುಮಾರು 14 ಕಿ.ಮೀ. ದೂರದಲ್ಲಿರುವ ಪಾಂಪೋರ್, ಕರೇವಾ ಎಂಬ ಎತ್ತರದ ಮಣ್ಣಿನ ಬಯಲುಗಳಲ್ಲಿ ಬೆಳೆಯುವ ಕೇಸರಿಗೆ ಪ್ರಸಿದ್ಧವಾಗಿದೆ. ಅಕ್ಟೋಬರ್ ಕೊನೆಯ ವಾರದಿಂದ ನವೆಂಬರ್ ಎರಡನೆಯ ವಾರದವರೆಗೆ ನೇರಳೆ ಹೂಗಳು ನೆಲಮಟ್ಟದಲ್ಲೇ ಅರಳುತ್ತವೆ; ಬೆಳಗಿನ ಹೊತ್ತು ಹೂ ಬಿಡಿಸಿ, ಪ್ರತಿಯೊಂದರಿಂದ ಮೂರೇ ಮೂರು ಕೆಂಪು ಎಳೆಗಳನ್ನು ಕೈಯಿಂದ ಬೇರ್ಪಡಿಸಿ ಒಣಗಿಸಿದರೆ ಅದು ಕೇಸರಿ. ಚಿನಾರ್ ಕೆಂಪಾಗುವ ವಾರವೂ ಕೇಸರಿ ಅರಳುವ ವಾರವೂ ಬಹುತೇಕ ಒಂದೇ ಆಗಿರುವುದು ಪ್ರವಾಸಿಗರಿಗೆ ಅನುಕೂಲ. ಇಲ್ಲಿಗೆ ಹತ್ತಿರದ ಖೊನ್ಮೋ ಗ್ರಾಮವು ಕನ್ನಡ ನಾಡಿನ ಚರಿತ್ರೆಗೂ ಸಂಬಂಧಿಸಿದ್ದು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿದ್ದು ‘ವಿಕ್ರಮಾಂಕದೇವಚರಿತ’ವನ್ನು ಬರೆದ ಬಿಲ್ಹಣನ ಹುಟ್ಟೂರಾದ ಖೋನಮುಷ ಇದೇ. ಆ ಕಾವ್ಯದ ಕೊನೆಯ ಸರ್ಗದಲ್ಲಿ ಕವಿ ತನ್ನ ನಾಡನ್ನೂ ಊರನ್ನೂ ವರ್ಣಿಸುವಾಗ ಅಲ್ಲಿಯ ಕೇಸರಿಯನ್ನು ಮರೆತಿಲ್ಲ.

ಇನ್ನೂ ಮುಂದೆ, ಶ್ರೀನಗರದಿಂದ ಸುಮಾರು 45 ಕಿ.ಮೀ. ದೂರದ ಬಿಜ್‌ಬಿಹಾರಾಕ್ಕೆ ಚಿನಾರ್‌ಗಳ ಊರು ಎಂಬ ಹೆಸರೇ ಇದೆ. ದಾರಾ ಶಿಕೋಹನ ಹೆಸರಿನ ಪಾದಶಾಹಿ ಬಾಗ್‌ನಲ್ಲಿ, ಝೀಲಮ್ ದಂಡೆಯ ಮೇಲೆ, ಭಾರಿ ಸುತ್ತಳತೆಯ ಮರಗಳಿದ್ದು, ಶ್ರೀನಗರದ ತೋಟಗಳಿಗೆ ಹೋಲಿಸಿದರೆ ಜನಸಂದಣಿ ತೀರ ಕಡಿಮೆ. ದಾರಿಯಲ್ಲಿ ಸಿಗುವ ಸಂಗಮ್ ಸುತ್ತಮುತ್ತ ವಿಲ್ಲೊ ಮರದ ಸೀಳುಗಳನ್ನು ಗೋಪುರದಂತೆ ಪೇರಿಸಿ ಒಣಗಿಸಿರುವುದು ಕಾಣುತ್ತದೆ. ಕಾಶ್ಮೀರಿ ಕ್ರಿಕೆಟ್ ಬ್ಯಾಟುಗಳು ತಯಾರಾಗುವುದು ಅವುಗಳಿಂದಲೇ. ಅನಂತನಾಗ್ ದಾಟಿದ ಮೇಲೆ ಬರುವ ಅಚ್ಛಬಲ್ ಮೊಘಲ್ ರಾಣಿವಾಸದ ಮಹಿಳೆಯರ ಹೆಸರಿನೊಂದಿಗೆ ಬೆಸೆದ ತೋಟವಾದರೆ, ವೇರಿನಾಗ್‌ನಲ್ಲಿ ಝೀಲಮ್‌ನ ಉಗಮವೆನ್ನಲಾದ ಬುಗ್ಗೆಗೆ ಜಹಾಂಗೀರನು ಎಂಟು ಮೂಲೆಯ ಕಲ್ಲಿನ ಕೊಳ ಕಟ್ಟಿಸಿದ್ದಾನೆ. ಎರಡರಲ್ಲೂ ನೀರು ಮತ್ತು ಚಿನಾರ್ ಜೊತೆಯಾಗಿವೆ. ಹಗಲು ಚಿಕ್ಕದಾದ್ದರಿಂದ ಒಂದು ದಿನದಲ್ಲಿ ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳುವುದೇ ವಾಸಿ.

ಪ್ರಯಾಣ, ವಸತಿ, ಉಡುಪು

ಕರ್ನಾಟಕದಿಂದ ದೆಹಲಿ ಮೂಲಕ ವಿಮಾನದಲ್ಲಿ ಶ್ರೀನಗರ ತಲುಪುವುದು ರೂಢಿಯಲ್ಲಿರುವ ಮಾರ್ಗ. 2025ರ ಜೂನ್‌ನಿಂದ ಕಟ್ರಾ ಮತ್ತು ಶ್ರೀನಗರ ನಡುವೆ ವಂದೇ ಭಾರತ್ ರೈಲು ಓಡುತ್ತಿದ್ದು, ನದಿಯಿಂದ 359 ಮೀಟರ್ ಎತ್ತರದ ಚೆನಾಬ್ ಸೇತುವೆಯನ್ನು ಹಾದು ಸುಮಾರು ಮೂರು ಗಂಟೆಗಳಲ್ಲಿ ಕಣಿವೆ ಮುಟ್ಟಿಸುತ್ತದೆ. ಕಣಿವೆಯೊಳಗೆ ಪಾಂಪೋರ್, ಬಿಜ್‌ಬಿಹಾರಾ, ಅನಂತನಾಗ್‌ಗಳಿಗೂ ರೈಲು ನಿಲ್ದಾಣಗಳಿರುವುದರಿಂದ ದಕ್ಷಿಣದ ತಾಣಗಳನ್ನು ಕಡಿಮೆ ಖರ್ಚಿನಲ್ಲಿ ನೋಡಬಹುದು. ಪಹಲ್ಗಾಮ್, ಸೋನಾಮಾರ್ಗ್‌ಗಳಲ್ಲಿ ಹೊರಗಿನ ಟ್ಯಾಕ್ಸಿಯಲ್ಲಿ ಹೋದವರೂ ಒಳಗಿನ ತಾಣಗಳಿಗೆ ಸ್ಥಳೀಯ ಒಕ್ಕೂಟದ ವಾಹನವನ್ನೇ ಹಿಡಿಯಬೇಕಾಗುತ್ತದೆ ಎಂಬುದನ್ನು ಖರ್ಚಿನ ಲೆಕ್ಕದಲ್ಲಿ ಸೇರಿಸಿಕೊಳ್ಳಬೇಕು. ಬೇರೆ ರಾಜ್ಯಗಳ ಪ್ರಿಪೇಯ್ಡ್ ಸಿಮ್‌ಗಳು ಇಲ್ಲಿ ಕೆಲಸ ಮಾಡುವುದಿಲ್ಲ. ತಂಡದಲ್ಲಿ ಒಬ್ಬರ ಬಳಿಯಾದರೂ ಪೋಸ್ಟ್‌ಪೇಯ್ಡ್ ಸಂಪರ್ಕವಿರಬೇಕು. ಮರಳುವ ದಿನ ವಿಮಾನ ನಿಲ್ದಾಣದ ಹೊರಗೂ ಒಳಗೂ ಹಲವು ಹಂತದ ತಪಾಸಣೆಯಿರುವುದರಿಂದ ಮೂರು ಗಂಟೆ ಮೊದಲೇ ತಲುಪಬೇಕು. ಭದ್ರತೆಯ ಕಾರಣಕ್ಕೆ ಕೆಲವು ತಾಣಗಳನ್ನು ಆಗಾಗ ಮುಚ್ಚುವುದುಂಟು. ಹೊರಡುವ ಮೊದಲು ಪ್ರವಾಸೋದ್ಯಮ ಇಲಾಖೆಯ ಪ್ರಕಟಣೆಗಳನ್ನು ನೋಡಿಕೊಳ್ಳುವುದು ಅಗತ್ಯ.

ನವೆಂಬರ್ ಆರಂಭದಲ್ಲಿ ಹಗಲಿನ ತಾಪಮಾನ 15 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿದ್ದರೂ ರಾತ್ರಿ ಸೊನ್ನೆಯ ಹತ್ತಿರಕ್ಕೆ ಇಳಿಯುತ್ತದೆ. ದಪ್ಪನೆಯ ಒಂದೇ ಕೋಟಿಗಿಂತ ಮಧ್ಯಾಹ್ನ ಕಳಚಿಡಬಹುದಾದ ಮೂರು ಪದರಗಳ ಉಡುಪು ಉಪಯುಕ್ತ. ದೋಣಿಮನೆಯಲ್ಲಿ ತಂಗುವವರು ಬುಖಾರಿ ಎಂಬ ಸೌದೆ ಒಲೆಯೋ ವಿದ್ಯುತ್ ಹೊದಿಕೆಯೋ ಇದೆಯೇ ಎಂದು ಮೊದಲೇ ಕೇಳಿಕೊಳ್ಳಬೇಕು. ಸಸ್ಯಾಹಾರಿಗಳಿಗೆ ಹಾಕ್ ಎಂಬ ಸೊಪ್ಪು, ನದ್ರು ಎಂಬ ತಾವರೆಯ ದಂಟು, ರಾಜ್ಮಾ ಮತ್ತು ಅನ್ನ ಸಿಗುವುದಕ್ಕೆ ತೊಂದರೆಯಿಲ್ಲ. 2018 ಮತ್ತು 2019ರಲ್ಲಿ ನವೆಂಬರ್ ಮೊದಲ ವಾರದಲ್ಲೇ ಭಾರಿ ಹಿಮ ಬಿದ್ದು ಸೇಬಿನ ತೋಟಗಳಿಗೆ ಅಪಾರ ಹಾನಿಯಾಗಿತ್ತು. ಆದ್ದರಿಂದ ಮರಳುವ ಟಿಕೆಟ್ಟಿನಲ್ಲಿ ಒಂದು ದಿನದ ಬಿಡುವನ್ನು ಇಟ್ಟುಕೊಳ್ಳುವುದು ಜಾಣತನ.

ಮರದ ರಕ್ಷಣೆ

ಚಿನಾರ್ ಜಮ್ಮು ಮತ್ತು ಕಾಶ್ಮೀರದ ರಾಜ್ಯವೃಕ್ಷವಾಗಿದ್ದು, ನಿರ್ದಿಷ್ಟ ಮರಗಳ ಸಂರಕ್ಷಣೆಗಾಗಿ 1969ರಲ್ಲಿ ರೂಪಿಸಿದ ಕಾಯ್ದೆಯ ಪ್ರಕಾರ ಸ್ವಂತ ಜಮೀನಿನಲ್ಲಿರುವ ಮರವನ್ನೂ ಸರಕಾರದ ಅನುಮತಿಯಿಲ್ಲದೆ ಕಡಿಯುವಂತಿಲ್ಲ. ರಸ್ತೆ ಅಗಲೀಕರಣ, ಕಟ್ಟಡಗಳು ಮತ್ತು ಮುಪ್ಪಿನಿಂದ ಮರಗಳ ಸಂಖ್ಯೆಯ ಬಗ್ಗೆ ಆತಂಕ ಮೂಡಿದ್ದರಿಂದ ಅರಣ್ಯ ಇಲಾಖೆಯ ಸಂಶೋಧನಾ ಸಂಸ್ಥೆಯು ಪ್ರತಿ ಮರಕ್ಕೂ ಗುರುತುಸಂಖ್ಯೆ ಕೊಟ್ಟು, ಕ್ಯೂಆರ್ ಕೋಡ್ ಇರುವ ಫಲಕಗಳನ್ನು ಅಳವಡಿಸುತ್ತಿದೆ. ಮೊಬೈಲ್‌ನಿಂದ ಅದನ್ನು ಸ್ಕ್ಯಾನ್ ಮಾಡಿದರೆ ಆ ಮರ ಇರುವ ಜಾಗ, ಅಂದಾಜು ವಯಸ್ಸು, ಎತ್ತರ, ಸುತ್ತಳತೆ, ಆರೋಗ್ಯಸ್ಥಿತಿ ತಿಳಿಯುತ್ತದೆ. ಉದುರಿದ ಎಲೆಯನ್ನು ಆಯ್ದುಕೊಳ್ಳಲು ಯಾರ ಅಭ್ಯಂತರವೂ ಇಲ್ಲ. ಚಿತ್ರಕ್ಕಾಗಿ ಕೊಂಬೆ ಅಲ್ಲಾಡಿಸುವುದು, ಪೊಟರೆಯೊಳಗೆ ಹತ್ತುವುದು, ಹಳೆಯ ಬೇರುಗಳನ್ನು ತುಳಿಯುವುದು ಮಾತ್ರ ಸಲ್ಲದು. ಡ್ರೋನ್ ಹಾರಿಸಲು ಅಧಿಕಾರಿಗಳ ಅನುಮತಿ ಬೇಕು.

ನಾಲ್ಕು ದಿನಗಳ ಯೋಜನೆ

ಬಂದಿಳಿದ ದಿನ ಮಧ್ಯಾಹ್ನದ ನಂತರ ಪರಿ ಮಹಲ್‌ಗೆ ಹೋಗಿ ಬಣ್ಣ ಎಲ್ಲಿ ಹೇಗಿದೆಯೆಂದು ಮೇಲಿನಿಂದ ನೋಡಿಕೊಳ್ಳುವುದು. ಎರಡನೆಯ ದಿನ ಬೆಳಿಗ್ಗೆ ನಸೀಮ್ ಬಾಗ್, ಅಲ್ಲಿಂದ ಶಿಕಾರಾದಲ್ಲಿ ಚಾರ್ ಚಿನಾರ್, ಮಧ್ಯಾಹ್ನದ ನಂತರ ಶಾಲಿಮಾರ್ ಮತ್ತು ನಿಶಾತ್. ಮೂರನೆಯ ದಿನ ಬೆಳಿಗ್ಗೆಯೇ ಪಾಂಪೋರ್‌ನ ಕೇಸರಿ ಹೊಲಗಳು, ನಂತರ ಬಿಜ್‌ಬಿಹಾರಾ ಮತ್ತು ಅಚ್ಛಬಲ್. ನಾಲ್ಕನೆಯ ದಿನ ಖೀರ್ ಭವಾನಿ, ಮಾನಸಬಲ್, ಸಂಜೆ ಬಂಡ್ ಮೇಲಿನ ನಡಿಗೆ. ಮೊದಲ ದಿನದ ನೋಟದಲ್ಲೇ ನಗರ ಇನ್ನೂ ಹಸಿರಾಗಿದೆಯೆಂದು ಕಂಡುಬಂದರೆ ನಾಲ್ಕನೆಯ ದಿನದ ಯೋಜನೆಯನ್ನು ಬದಲಿಸಿ ಎತ್ತರದ ಪಹಲ್ಗಾಮ್ ಕಡೆಗೆ ಹೋಗಬೇಕು. ಗಾಳಿಮಳೆಗೆ ತೋಟಗಳು ಬರಿದಾಗಿದ್ದರೆ ಎಲೆಗಳನ್ನು ಹೆಚ್ಚು ದಿನ ಉಳಿಸಿಕೊಂಡಿರಬಹುದಾದ ನೀರಿನಂಚಿನ ಮರಗಳನ್ನು, ಎಂದರೆ ಸರೋವರದ ದಂಡೆಯವನ್ನೂ ಬುಗ್ಗೆಯ ಬಳಿಯವನ್ನೂ ಹುಡುಕಬೇಕು. ಟಿಕೆಟ್ ಕಾಯ್ದಿರಿಸುವಾಗ ಒಂದೆರಡು ದಿನ ಹಿಂದುಮುಂದಾಗುವುದಿದ್ದರೆ ಮುಂಚಿತವಾಗಿ ಹೋಗುವುದಕ್ಕಿಂತ ತಡವಾಗಿ ಹೋಗುವುದೇ ಲೇಸು, ಏಕೆಂದರೆ ಹಸಿರಾದ ಚಿನಾರ್ ಮೇ ತಿಂಗಳಿನಲ್ಲೂ ಕಾಣಸಿಗುತ್ತದೆ, ಅರ್ಧ ಉದುರಿದ ಕೆಂಪು ಚಿನಾರ್‌ಗೆ ಮಾತ್ರ ಮತ್ತೆ ವರ್ಷ ಕಾಯಬೇಕಾಗುತ್ತದೆ.